ಮೊದಲ ನಡುಕ ಹತ್ತನೇ ವಯಸ್ಸಿಗೇ ಬರಲಿ

ಪ್ರತಿಭಾ ಕಾರಂಜಿ ಹತ್ತಿರ ಬಂತು ಅಂದ್ರೆ ನಮ್ಮೂರ ಕಡೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಬಂದೇ ಬರುತ್ತೆ: "ಇಂಗ್ಲಿಷ್ ಕಂಠಪಾಠಕ್ಕ ಚಲೋ ಪೋಯಮ್ ಇದ್ರ ಯಾರರ ಕಳಸ್ರಿ." ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯುವವರಿಗೆಲ್ಲ ಇಂಗ್ಲಿಷ್ ಪದ್ಯ ಬಾಯಿಪಾಠ ಇರುತ್ತೆ ಅಂತ ಊರಿನವರ ನಂಬಿಕೆ. ನಮಗೆ ಗೊತ್ತಿರೋದು ಎರರ್ ಮೆಸೇಜ್ ಮಾತ್ರ ಅಂತ ಅವರಿಗೆ ಹೇಗೆ ಹೇಳೋದು!

ಆದ್ರೂ ಆ ಮೆಸೇಜ್ ನೋಡಿದಾಗ ಖುಷಿ ಆಗುತ್ತೆ. ಪ್ರತಿಭಾ ಕಾರಂಜಿ ನಮ್ಮ ಶಿಕ್ಷಣ ಇಲಾಖೆಯ ಕಾರ್ಯಕ್ರಮ. ಮೊದಲು ಕ್ಲಸ್ಟರ್, ಆಮೇಲೆ ತಾಲ್ಲೂಕು, ಜಿಲ್ಲೆ, ಕೊನೆಗೆ ರಾಜ್ಯ ಮಟ್ಟ. ಚಿತ್ರಕಲೆ, ಕಥೆ ಹೇಳುವುದು, ಆಶುಭಾಷಣ ಹೀಗೆ ಹಲವು ಸ್ಪರ್ಧೆಗಳ ನಡುವೆ ಇಂಗ್ಲಿಷ್ ಕಂಠಪಾಠವೂ ಒಂದು. ಫೀಸು ಇಲ್ಲ, ಯೂನಿಫಾರ್ಮಿನಲ್ಲೇ ಹೋಗಬಹುದು. ಹಳ್ಳಿಯ ಎಷ್ಟೋ ಮಕ್ಕಳು ಮೊದಲ ಸಲ ಮೈಕ್ ಮುಂದೆ ಇಂಗ್ಲಿಷ್ ಮಾತಾಡೋದು ಅಲ್ಲೇ.

ಇದ್ಯಾಕೆ ದೊಡ್ಡ ವಿಷಯ ಅಂತ ಕೇಳಬಹುದು. ನಾನು ಓದಿದ್ದು ಮುಧೋಳದ ಪಕ್ಕದ ತಿಮ್ಮಾಪುರದಲ್ಲಿ, ಕನ್ನಡ ಮಾಧ್ಯಮದಲ್ಲಿ. ನಮ್ಮ ಕಾಲಕ್ಕೆ ಎಬಿಸಿಡಿ ಶುರುವಾಗ್ತಿದ್ದದ್ದೇ ಐದನೇ ತರಗತಿಯಲ್ಲಿ. ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ನಮಗೆ ದ್ವಿತೀಯ ಭಾಷೆ, 100 ಅಂಕ. ಆ ನೂರೂ ಅಂಕ ಪೇಪರ್ ಮೇಲೆ. ಬಾಯಿ ತೆರೆದು ಒಂದು ವಾಕ್ಯ ಹೇಳದೆ ಫಸ್ಟ್ ಕ್ಲಾಸಿನಲ್ಲಿ ಪಾಸಾದವರು ನಾವೆಲ್ಲ.

ಅದರ ಬಿಲ್ಲು ಬಂದದ್ದು ಇಂಜಿನಿಯರಿಂಗ್ ಕೊನೆಯ ವರ್ಷ, ಕ್ಯಾಂಪಸ್ ಸೆಲೆಕ್ಷನ್ನಿನ ಗ್ರೂಪ್ ಡಿಸ್ಕಷನ್ನಿನಲ್ಲಿ. ಬರವಣಿಗೆಯ ಪರೀಕ್ಷೆಯಲ್ಲಿ ಮುಂದಿದ್ದ ನನ್ನ ಗೆಳೆಯರಲ್ಲಿ ಕೆಲವರು ಅಲ್ಲಿ ಒಂದೂ ಮಾತಾಡದೆ ಹೊರಗೆ ಬಂದರು. ವಿಷಯ ಗೊತ್ತಿತ್ತು, ಪದಗಳೂ ಗೊತ್ತಿದ್ದವು. ಅಪರಿಚಿತರ ಎದುರು ಇಂಗ್ಲಿಷಿನಲ್ಲಿ ಬಾಯಿ ತೆರೆಯುವ ಪ್ರಸಂಗ ಅವರಿಗೆ ಬಂದದ್ದೇ ಅವತ್ತು, 21ನೇ ವಯಸ್ಸಿಗೆ, ಮನೆಯ ಸಾಲದ ಕಂತು ತಲೆಯಲ್ಲಿ ಇಟ್ಟುಕೊಂಡು. ಈಗ ನಾನೇ ಆಗಾಗ ಇಂಟರ್‌ವ್ಯೂ ತಗೋತೀನಿ. ಸ್ಕ್ರೀನಿನ ಆ ಕಡೆ ಅದೇ ಮುಖಗಳು ಕಾಣ್ತವೆ. "ಕನ್ನಡದಾಗ ಹೇಳಪ್ಪ, ನಡೀತದ" ಅಂದ ಕೂಡಲೇ ಲಾಜಿಕ್ ಪೂರ್ತಿ ಸರಿಯಾಗಿ ಹೇಳ್ತಾರೆ.

ಕೈ ನಡುಗೋದು, ಗಂಟಲು ಒಣಗೋದು ಎಲ್ಲರಿಗೂ ಒಮ್ಮೆ ಆಗಲೇಬೇಕು. ಹತ್ತನೇ ವಯಸ್ಸಿಗೆ ಕ್ಲಸ್ಟರ್ ಮಟ್ಟದಲ್ಲಿ ಆದರೆ ಹೋಗೋದು ಒಂದು ಸರ್ಟಿಫಿಕೇಟ್. ಇಪ್ಪತ್ತೊಂದಕ್ಕೆ ಆದರೆ ಹೋಗೋದು ನೌಕರಿ. ನನ್ನ ಪ್ರಕಾರ ಸ್ಪರ್ಧೆಯ ಮೊದಲ ಲಾಭ ಇದೇ. ಬಹುಮಾನ ಬಂತೋ ಇಲ್ಲವೋ ಅನ್ನೋದು ಆಮೇಲಿನ ಮಾತು.

ಹಾಗಂತ ಎಲ್ಲ ಸ್ಪರ್ಧೆಯೂ ಒಂದೇ ಅಲ್ಲ. ಅಕ್ಕನ ಮಗಳು ಆರನೇ ತರಗತಿ. ಮೊನ್ನೆ ವಿಡಿಯೋ ಕಾಲ್ ಮಾಡಿ ಇಂಗ್ಲಿಷ್ ಪದ್ಯ ಒಂದನ್ನ ಗಡಗಡ ಒಪ್ಪಿಸಿದಳು. ಕೈ-ಬಾಯಿ ಆಕ್ಷನ್ ಎಲ್ಲ ಭರ್ಜರಿ. "ಇದರ ಅರ್ಥ ಏನವ್ವ?" ಅಂದೆ.

"ಅರ್ಥ ಕೇಳಂಗಿಲ್ಲ ಮಾಮಾ, ಆಕ್ಷನ್ ಅಷ್ಟ ನೋಡ್ತಾರ."

ನಕ್ಕೆ. ಆದ್ರೆ ಕಂಠಪಾಠದ ಮಿತಿಯನ್ನ ಅವಳು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಉಚ್ಚಾರ ಬರುತ್ತೆ, ಧೈರ್ಯ ಬರುತ್ತೆ. ಸ್ವಂತ ವಾಕ್ಯ ಕಟ್ಟೋಕೆ ಬರಲ್ಲ.

ಅಮೆರಿಕದ ಸ್ಪೆಲಿಂಗ್ ಬೀ ನೆನಪಿಸಿಕೊಳ್ಳಿ. 1925ರಲ್ಲಿ ಶುರುವಾದ ಈ ಸ್ಪರ್ಧೆಯನ್ನ ಭಾರತೀಯ ಮೂಲದ ಮಗು ಮೊದಲು ಗೆದ್ದದ್ದು 1985ರಲ್ಲಿ, ಬಾಲು ನಟರಾಜನ್. 2014ರಲ್ಲಿ ಶ್ರೀರಾಮ್ ಹತ್ವಾರ್, 2016ರಲ್ಲಿ ಅವನ ತಮ್ಮ ಜೈರಾಮ್ ಜಂಟಿ ವಿಜೇತರಾದರು. ದೂರದಿಂದ ನೋಡಿದ್ರೆ ಇದೂ ಉರು ಹೊಡೆಯೋ ಆಟದಂತೆ ಕಾಣುತ್ತೆ. ಆದ್ರೆ ಅಲ್ಲಿ ಮಗು ತಿರುಗಿ ಕೇಳಬಹುದು: ಈ ಪದದ ಅರ್ಥ ಏನು, ಯಾವ ಭಾಷೆಯಿಂದ ಬಂತು, ಒಂದು ವಾಕ್ಯದಲ್ಲಿ ಬಳಸಿ ತೋರಿಸಿ. ಗ್ರೀಕ್ ಮೂಲ ಅಂತ ಗೊತ್ತಾದರೆ 'ಫ' ಧ್ವನಿಗೆ ಪಿ-ಎಚ್ ಇರಬಹುದು ಅಂತ ಊಹಿಸಬಹುದು, ಫೋನ್, ಫೋಟೋ ಇದ್ದ ಹಾಗೆ. ಗೊತ್ತಿಲ್ಲದ ಪದಕ್ಕೂ ದಾರಿ ಹುಡುಕೋದನ್ನ ಆ ಪ್ರಶ್ನೆಗಳು ಕಲಿಸ್ತವೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಹೊಸದೇನಲ್ಲ. ಮುಖ-ಮೊಗ, ವರ್ಣ-ಬಣ್ಣ ಅಂತ ತತ್ಸಮ-ತದ್ಭವ ಓದಿದವರು ತಾನೇ ಅವರು? ಪದ ಒಂದು ಭಾಷೆಯಿಂದ ಇನ್ನೊಂದಕ್ಕೆ ಬರುವಾಗ ರೂಪ ಬದಲಿಸುತ್ತೆ ಅನ್ನೋದು ಅವರಿಗೆ ಗೊತ್ತು. ಅದೇ ಕಣ್ಣಿನಿಂದ ಇಂಗ್ಲಿಷ್ ನೋಡಿ ಅಂತ ಹೇಳುವವರು ಬೇಕು, ಅಷ್ಟೇ.

"ಇಂಗ್ಲಿಷ್ ಇಂಗ್ಲಿಷ್ ಅಂತ ಕನ್ನಡ ಬಿಡಸ್ತೀರೇನು?" ಅಂತ ಊರ ಹಿರಿಯರು ಕೇಳ್ತಾರೆ. ರನ್ನನ ಊರಿನ ಕಡೆಯವರು ಆ ಪ್ರಶ್ನೆ ಕೇಳೋದರಲ್ಲಿ ಆಶ್ಚರ್ಯವಿಲ್ಲ. ಆದ್ರೆ 'ಇಂಗ್ಲಿಷ್ ಗೀತಗಳು' ಕೊಟ್ಟ ಬಿ.ಎಂ.ಶ್ರೀ ಇಂಗ್ಲಿಷ್ ಪ್ರೊಫೆಸರ್. ವಿ.ಕೃ. ಗೋಕಾಕರೂ ಹಾಗೇ. ಇಂಗ್ಲಿಷ್ ಕಲಿತದ್ದು ಅವರ ಕನ್ನಡಕ್ಕೆ ಅಡ್ಡ ಬರಲಿಲ್ಲ. ಸ್ಪರ್ಧೆಯಲ್ಲೇ ಎರಡನ್ನೂ ಕೂಡಿಸಬಹುದು: ಇಂಗ್ಲಿಷಿನ ಒಂದು ಪ್ಯಾರಾ ಓದಿ ಅದರ ಸಾರ ಕನ್ನಡದಲ್ಲಿ ಹೇಳು, ಕನ್ನಡದ ಗಾದೆ ಒಂದನ್ನ ಇಂಗ್ಲಿಷಿನಲ್ಲಿ ವಿವರಿಸು.

ಫೀಸು ತಗೊಂಡು ಮೆಡಲ್ ಹಂಚುವ ಖಾಸಗಿ ಒಲಿಂಪಿಯಾಡ್‌ಗಳ ಬಗ್ಗೆಯೂ ಒಂದು ಮಾತು. ದುಡ್ಡು ಕಟ್ಟುವ ಮೊದಲು ಶಾಲೆಯಲ್ಲಿ ಇಷ್ಟು ಕೇಳಿ: ಮಗುವಿಗೆ ತನ್ನ ತಪ್ಪು ಎಲ್ಲಾಯ್ತು ಅಂತ ಆಮೇಲೆ ಗೊತ್ತಾಗುತ್ತಾ? ಇಲ್ಲ ಅಂದ್ರೆ ಆ ದುಡ್ಡಿಗೆ ಒಂದು ಒಳ್ಳೆ ಡಿಕ್ಷನರಿ ತಂದುಕೊಡಿ.

ಮತ್ತೆ, ಫೋನಿನಲ್ಲಿ ಇದನ್ನ ಓದ್ತಿರೋ ನಾವು ಏನು ಮಾಡಬಹುದು? ಅಕ್ಷರ ಫೌಂಡೇಶನ್‌ನವರು 4, 5, 6ನೇ ತರಗತಿ ಮಕ್ಕಳಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಗಣಿತ ಸ್ಪರ್ಧೆ ಮಾಡ್ತಾರೆ. ಹಾಗೇ ನಿಮ್ಮೂರ ಶಾಲೆಯಲ್ಲಿ ಎರಡು ನಿಮಿಷದ ಇಂಗ್ಲಿಷ್ ಮಾತಿನ ಸ್ಪರ್ಧೆ ಯಾಕಾಗಬಾರದು? ಬರೆದುಕೊಂಡು ಬರುವ ಹಾಗಿಲ್ಲ, ವಿಷಯ ಊರಿನದೇ ಇರಬೇಕು. ಕಬ್ಬಿನ ಕಟಾವು. ಘಟಪ್ರಭೆಗೆ ಮಹಾಪೂರ ಬಂದ ವರ್ಷ. ನಮ್ಮ ತಿಮ್ಮಾಪುರದಲ್ಲಿ ಮುಧೋಳ ನಾಯಿಯ ಸಂಶೋಧನಾ ಕೇಂದ್ರ ಇದೆ. 2005ರಲ್ಲಿ ಈ ನಾಯಿಯ ಅಂಚೆಚೀಟಿ ಬಂತು, 2016ರಲ್ಲಿ ಮರಿಗಳು ತರಬೇತಿಗೆ ಅಂತ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ಹೊರಗಿನವರು ಬಂದು ಕೇಳಿದಾಗ ಇಷ್ಟನ್ನ ಇಂಗ್ಲಿಷಿನಲ್ಲಿ ಹೇಳೋ ಹುಡುಗಿ ಊರಲ್ಲೇ ಇರಬೇಕಲ್ವಾ?

ತೀರ್ಪಿಗೆ ಮೂರೇ ಅಂಶ ಸಾಕು: ಮಾತು ಅರ್ಥ ಆಯ್ತಾ, ತಡವರಿಸಿದರೂ ಮುಂದುವರಿಸಿದಳಾ, ಒಂದು ಪ್ರಶ್ನೆಗೆ ಉತ್ತರ ಕೊಟ್ಟಳಾ. ಗ್ರಾಮರ್ ತಪ್ಪಿಗೆ ಅಂಕ ಕಳೆಯಬೇಡಿ. ವೇದಿಕೆ ಮೇಲೆ ತಿದ್ದಬೇಡಿ, ಆಮೇಲೆ ಪಕ್ಕಕ್ಕೆ ಕರೆದು ಹೇಳಿ. ಎಲ್ಲರೂ ನಕ್ಕ ಒಂದು ತಪ್ಪು ಮಗುವಿನ ಬಾಯಿಯನ್ನ ಹತ್ತು ವರ್ಷ ಮುಚ್ಚಿಸಬಹುದು.

ಈ ವಾರ ನಿಮ್ಮ ಹಳೆಯ ಶಾಲೆಯ ಹೆಡ್‌ಮಾಸ್ತರರಿಗೆ ಒಂದು ಫೋನ್ ಮಾಡಿ. ಶನಿವಾರ ಬೆಳಗಿನ ಶಾಲೆ, ಒಂದು ತಾಸು, ವಿಡಿಯೋ ಕಾಲಿನಲ್ಲೇ ನೀವು ಜಡ್ಜ್ ಆಗಿ. ಬಹುಮಾನಕ್ಕೆ ನಾಲ್ಕು ಕಥೆ ಪುಸ್ತಕ ಕಳಿಸಿದರೆ ಖರ್ಚು ನಿಮ್ಮ ಒಂದು ವೀಕೆಂಡ್ ಊಟಕ್ಕಿಂತ ಹೆಚ್ಚಾಗಲ್ಲ.