ಅಂಟುಕೊಕ್ಕೆಯೂ ಮುರಕಲ್ಲಿನ ಗೋಡೆಯೂ

ಕಳೆದ ಆಟಿ ತಿಂಗಳ ಒಂದು ರಾತ್ರಿ ನಮ್ಮ ಮನೆಯ ಚಾವಡಿಯಲ್ಲಿ ದೊಡ್ಡದೊಂದು ಸದ್ದಾಯಿತು. ಎದ್ದು ದೀಪ ಹಾಕಿದಾಗ ತೀರಿಹೋದ ತಂದೆಯವರ ಭಾವಚಿತ್ರ ನೆಲಕ್ಕೆ ಬಿದ್ದಿತ್ತು. ಗಾಜಿನ ಚೂರುಗಳು ಅಮ್ಮನ ಮಂಚದ ಬುಡದವರೆಗೂ ಚೆದರಿದ್ದವು. ಎಂಬತ್ತು ದಾಟಿದ ಅಮ್ಮ ಕಾಲು ಕೆಳಗಿಡುವ ಮೊದಲೇ ಕೂಗಿ ತಡೆದೆವು. ಚಿತ್ರವನ್ನು ತೂಗಹಾಕಿದ್ದು ಮೊಳೆಗಲ್ಲ, ವಾರದ ಹಿಂದೆ ಪೇಟೆಯಿಂದ ತಂದು ನಾವೇ ಅಂಟಿಸಿದ ಕೊಕ್ಕೆಗೆ.

ಬೆಳಗ್ಗೆ ಆ ಕೊಕ್ಕೆಯನ್ನು ಮಗುಚಿ ನೋಡಿದೆವು. ಅದರ ಬೆನ್ನಿಗೆ ಗೋಡೆಯ ಬಣ್ಣವೂ ಸುಣ್ಣದ ಹಕ್ಕಳೆಯೂ ಅಂಟಿಕೊಂಡೇ ಇದ್ದವು. ಅಂಟು ತನ್ನ ಕೆಲಸವನ್ನು ಮಾಡಿತ್ತು. ಗೋಡೆಯೇ ಕಳಚಿ ಬಂದಿತ್ತು. ಈಚೆಗೆ ಇಂತಹ ಕೊಕ್ಕೆಗಳನ್ನು ಮನೆಮನೆಗೂ ತರುತ್ತಿರುವುದರಿಂದ ಈ ಸಲ ಅವುಗಳ ಕುರಿತೇ ನಾಲ್ಕು ಮಾತು ಬರೆಯುವುದು ಯುಕ್ತವೆಂದು ತೋರಿತು.

ಪುತ್ತಿಗೆಯ ಆಸುಪಾಸಿನ ಹಳೆಯ ಮನೆಗಳು ಹೆಚ್ಚಾಗಿ ಮುರಕಲ್ಲಿನವು. 1800-01ರಲ್ಲಿ ಈ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನು ಮಲಬಾರಿನಲ್ಲಿ ಕಂಡು, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿತ್ತನು. ಗಟ್ಟಿಯೇನೋ ಹೌದು, ಆದರೆ ಮೈಯೆಲ್ಲ ತೂತು. ನೀರನ್ನು ಹೀರುವ ಸ್ವಭಾವ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಆ ತೇವವು ಒಳಗಿನಿಂದಲೇ ಬಣ್ಣವನ್ನು ದೂಡುತ್ತದೆ. ಮೊಳೆ ಹೊಡೆಯೋಣವೆಂದರೆ ಕಲ್ಲು ಪುಡಿಯಾಗಿ ತೂತು ದೊಡ್ಡದಾಗುವುದೇ ಹೊರತು ಮೊಳೆ ನಿಲ್ಲದು. ಹಿರಿಯರು ಗೋಡೆ ಕಟ್ಟುವಾಗಲೇ ಮರದ ಗೂಟಗಳನ್ನಿರಿಸಿದ್ದೂ, ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ನೇಲಿಸಿದ್ದೂ ಸುಮ್ಮನಲ್ಲ.

ಅಂಟಿನ ಗುಣವನ್ನು ಹಲಸಿನ ನಾಡಿನ ನಮಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ. ಹಲಸನ್ನು ಕೊಯ್ಯುವ ಮೊದಲು ಅಂಗೈಗೂ ಕತ್ತಿಗೂ ತೆಂಗಿನೆಣ್ಣೆ ಸವರುತ್ತೇವಷ್ಟೆ? ನೀರಿಗೆ ಬಿಡದ ಮೇಣ ಎಣ್ಣೆಗೆ ಬಿಡುತ್ತದೆ. ಕೊಕ್ಕೆಯ ಅಂಟಿಗೂ ಇದೇ ನಿಯಮ. ಒಗ್ಗರಣೆಯ ಹೊಗೆ ಕುಳಿತ ಅಡಿಗೆಮನೆಯ ಗೋಡೆ ಕಣ್ಣಿಗೆ ಸ್ವಚ್ಛವಾಗಿ ಕಂಡರೂ ಅದರ ಮೇಲೆ ತೆಳುವಾದ ಎಣ್ಣೆಯ ಪೊರೆ ಇದ್ದೇ ಇರುತ್ತದೆ. ಅಲ್ಲಿ ಕೊಕ್ಕೆ ಎರಡು ದಿನ ನಿಂತರೆ ಹೆಚ್ಚು. ಅಮೆರಿಕದ ರಿಚರ್ಡ್ ಡ್ರೂ ಎಂಬವರು 1925ರಲ್ಲಿ ಕಾರಿಗೆ ಬಣ್ಣ ಬಳಿಯುವವರಿಗಾಗಿ ಒತ್ತಿದರೆ ಅಂಟುವ ಕಾಗದದ ಪಟ್ಟಿಯನ್ನೂ 1930ರಲ್ಲಿ ಪಾರದರ್ಶಕ ಪಟ್ಟಿಯನ್ನೂ ಹೊರತಂದರು. ಇಂದಿನ ಅಂಟುಕೊಕ್ಕೆ ಆ ಮನೆತನದ್ದೇ. ಈ ಅಂಟು ಒಣಗಿ ಗಟ್ಟಿಯಾಗುವಂಥದ್ದಲ್ಲ. ಒತ್ತಡಕ್ಕೆ ಮೆಲ್ಲನೆ ಹರಿದು ಮೇಲ್ಮೈಯ ಸಣ್ಣ ಸಣ್ಣ ತಗ್ಗುಗಳನ್ನು ತುಂಬಿಕೊಂಡು ಹಿಡಿಯುತ್ತದೆ. ನಡುವೆ ಧೂಳು, ಜಿಡ್ಡು, ನೀರು ಇದ್ದರೆ ಹಿಡಿಯುವುದಾದರೂ ಯಾವುದನ್ನು?

ಆದುದರಿಂದ ಮೊದಲು ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಜಾಗವನ್ನು ಒರಸಿ, ಒಣಗಲು ಬಿಡಬೇಕು. ಹತ್ತಿರದಲ್ಲಿ ಒಲೆ ಉರಿಯುತ್ತಿರಬಾರದು. ಸಾಬೂನು ನೀರು ಸಾಲದು, ಅದರದೇ ಪೊರೆ ಉಳಿಯುತ್ತದೆ. ಬಳಿಕ ಅರ್ಧ ನಿಮಿಷ ಬಲವಾಗಿ ಒತ್ತಿ ಹಿಡಿದು, ಕನಿಷ್ಠ ಒಂದು ತಾಸು ಏನನ್ನೂ ತೂಗಿಸದಿರಬೇಕು. ನಾವು ಒಂದು ದಿನ ಬಿಡುತ್ತೇವೆ. ಹೊಸದಾಗಿ ಬಣ್ಣ ಬಳಿದ ಗೋಡೆಯಾದರೆ ಒಂದೆರಡು ವಾರ ಕಾಯುವುದು ಮೇಲು. ಮಳೆಗಾಲದಲ್ಲಿ ಮುರಕಲ್ಲಿನ ಗೋಡೆಯ ತಂಟೆಗೇ ಹೋಗಬಾರದೆಂಬುದು ಗಾಜು ಗುಡಿಸಿ ಕಲಿತ ಪಾಠ.

ಹಾಗಾದರೆ ಎಲ್ಲಿ? ನಯವಾದ ಹಂಚು ಹಾಸಿದ ಬಚ್ಚಲ ಗೋಡೆ, ಉಕ್ಕಿನ ಕಪಾಟು, ಶೀತಕಪೆಟ್ಟಿಗೆಯ ಬದಿ, ಕಿಟಿಕಿಯ ಗಾಜು, ಪಾಲಿಶು ಮಾಡಿದ ಬಾಗಿಲು. ಕಪಾಟಿನ ಬಾಗಿಲ ಒಳಮೈಗೆ ಸಣ್ಣ ಕೊಕ್ಕೆಗಳನ್ನು ಸಾಲಾಗಿ ಅಂಟಿಸಿದರೆ ಅಳತೆಯ ಚಮಚ, ಸೋಸುಬಟ್ಟೆ, ಈಳಿಗೆಯ ಮುಸುಕು ಎಲ್ಲವೂ ಕಣ್ಣಿಗೆ ಬೀಳದೆ ಕೈಗೆ ಸಿಗುತ್ತವೆ. ಎರಡು ಕೊಕ್ಕೆಗಳನ್ನು ಬದಿಬದಿಗೆ ಇಟ್ಟರೆ ಪಾತ್ರೆಯ ಮುಚ್ಚಳವನ್ನು ಅಡ್ಡಲಾಗಿ ತಡೆದು ನಿಲ್ಲಿಸಬಹುದು. ವಿದ್ಯುತ್ತು ಹೋದಾಗ ತಡಕಾಡುವುದು ತಪ್ಪಲು ಟಾರ್ಚಿಗೊಂದು, ಬೀಗದ ಕೈಗಳಿಗೊಂದು. ಹಬ್ಬದ ತೋರಣಕ್ಕೆ ಬಾಗಿಲವಾಡದ ಮರದಲ್ಲಿ ಪ್ರತಿ ವರ್ಷ ಹೊಸ ಮೊಳೆ ಬೇಡ. ಒದ್ದೆ ಕೊಡೆ, ಸೌತೆಕಾಯಿ, ಸೊಳ್ಳೆಪರದೆಯ ಹಗ್ಗ ಇವು ಬೇಡವೇ ಬೇಡ. ಪೊಟ್ಟಣದ ಮೇಲೆ ಬರೆದ ತೂಕದ ಅರ್ಧವನ್ನು ಮಾತ್ರ ನಾವು ನಂಬುತ್ತೇವೆ. ವಸ್ತು ಗೋಡೆಗೆ ತಾಗಿ ತೂಗಿದರೆ ಅಂಟು ಬಹಳ ತಾಳುತ್ತದೆ. ಗೋಡೆಯಿಂದ ಹೊರಕ್ಕೆ ಚಾಚಿ ತೂಗಿದರೆ ಮೇಲಂಚಿನಿಂದ ಸುಲಿಯತೊಡಗುತ್ತದೆ. ತೊಟ್ಟಿಲಿನ ಮೇಲೆ, ಮಲಗುವವರ ತಲೆಯ ನೇರಕ್ಕೆ, ಒಲೆಯ ಸಮೀಪ ಇದನ್ನು ಎಂದಿಗೂ ಅಂಟಿಸಬಾರದು.

ಕೀಳುವ ಉಪಾಯವೂ ತಿಳಿದಿರಲಿ. ಬಾಲವುಳ್ಳ ಪಟ್ಟಿಯಾದರೆ ಬಾಲವನ್ನು ಹಿಡಿದು ಗೋಡೆಗೆ ಸಮಾನಾಂತರವಾಗಿ, ಕೆಳಕ್ಕೆ, ಮೆಲ್ಲನೆ ಎಳೆಯಬೇಕು. ಪಟ್ಟಿ ರಬ್ಬರಿನಂತೆ ಉದ್ದವಾಗಿ ತಾನೇ ಬಿಡುತ್ತದೆ. ನಮ್ಮತ್ತ ಎಳೆದರೆ ಬಣ್ಣವೂ ಬರುತ್ತದೆ. ಬಾಲವಿಲ್ಲದ್ದಕ್ಕೆ ಹಿಂದಿನಿಂದ ಗಟ್ಟಿ ನೂಲನ್ನು ಗರಗಸದಂತೆ ಆಡಿಸಬೇಕು. ಹಂಚಿನ ಮೇಲೆ ಉಳಿದ ಅಂಟಿಗೆ ಮತ್ತದೇ ತೆಂಗಿನೆಣ್ಣೆ. ಸವರಿ ಹತ್ತು ನಿಮಿಷ ಬಿಟ್ಟು ಒರಸಿದರಾಯಿತು.

ತಂದೆಯವರ ಚಿತ್ರಕ್ಕೆ ಹೊಸ ಗಾಜು ಹಾಕಿಸಿ ಹಳೆಯ ಮರದ ಗೂಟಕ್ಕೇ ತಿರುಪಿನಿಂದ ಬಿಗಿದಿದ್ದೇವೆ. ಅಂಟುಕೊಕ್ಕೆಯನ್ನು ಅಮ್ಮನ ಮಂಚಕ್ಕೆ ತಾಗಿದ ಉಕ್ಕಿನ ಕಪಾಟಿನ ಬದಿಗೆ, ಅವರ ಕೈಯೆತ್ತರಕ್ಕೆ ಅಂಟಿಸಿ ಊರುಗೋಲನ್ನು ತೂಗಿಸಿದೆವು. ಕೋಲು ಜಾರಿ ಮಂಚದಡಿಗೆ ಹೋಗುವುದೂ, ಅದಕ್ಕಾಗಿ ಅವರು ರಾತ್ರಿ ಬಗ್ಗುವುದೂ ನಿಂತಿದೆ. ಮೊದಲ ವಾರ ಪ್ರತಿ ಸಂಜೆ ಕೊಕ್ಕೆಯನ್ನು ಎಳೆದು ನೋಡುತ್ತಿದ್ದರು. ಈಗ ಎಲೆಯಡಿಕೆಯ ಚೀಲಕ್ಕೂ ಒಂದು ಬೇಕೆಂದಿದ್ದಾರೆ.