ಮುಳ್ಳು ತಿರುಗಿಸಿದರೆ ಹೊತ್ತು ಉಳಿದೀತೆ?

ಮಕ್ಕಳು ಅಮೆರಿಕದಲ್ಲಿರುವ ಮನೆಗಳು ಈಗ ಹಾವೇರಿ, ರಾಣೆಬೆನ್ನೂರಿನಲ್ಲೂ ಇವೆ. ನ್ಯೂಜೆರ್ಸಿಯಿಂದ ರಾತ್ರಿ ಎಂಟಕ್ಕೆ ಮಾಡುವ ಫೋನು ಚಳಿಗಾಲದಲ್ಲಿ ಇಲ್ಲಿ ಬೆಳಗಿನ ಆರೂವರೆಗೆ ಬಂದರೆ, ಮಾರ್ಚ್ ಎರಡನೇ ಭಾನುವಾರದಿಂದ ಐದೂವರೆಗೇ ಬರುತ್ತದೆ. ಅಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಟ್ಟಿರುತ್ತಾರೆ. ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಿಡುತ್ತಾರೆ. ಬೆಳಗಿನ ಬೆಳಕು ನಿದ್ದೆಯಲ್ಲಿ ಪೋಲಾಗದೆ ಸಂಜೆಗೆ ಒದಗಲಿ ಎಂಬುದು ಉದ್ದೇಶ.

1916ರಲ್ಲಿ, ಯುದ್ಧದ ನಡುವೆ ಕಲ್ಲಿದ್ದಲು ಉಳಿಸಲು ಜರ್ಮನಿ ಈ ಉಪಾಯ ಹೂಡಿತು. ಎರಡನೇ ಮಹಾಯುದ್ಧದಲ್ಲಿ ನಮ್ಮ ದೇಶದ ಗಡಿಯಾರಗಳೂ 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ಒಂದು ತಾಸು ಮುಂದೆ ಓಡಿದವು. ಯುದ್ಧ ಮುಗಿಯಿತು, ಪದ್ಧತಿಯೂ ಹೋಯಿತು. ಆದರೆ ಚರ್ಚೆ ನಿಂತಿಲ್ಲ. ಭಾರತದ ಗಡಿಯಾರವನ್ನು ಕಾಯಂ ಆಗಿ ಅರ್ಧ ತಾಸು ಮುಂದಿಟ್ಟರೆ ಸಂಜೆಯ ವಿದ್ಯುತ್ ಬಹಳ ಉಳಿಯುತ್ತದೆ ಎಂದು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಡಿ.ಪಿ. ಸೇನ್‌ಗುಪ್ತ ಮತ್ತು ದಿಲೀಪ್ ಅಹುಜಾ ವಾದಿಸಿದ್ದರು.

ಇದರಲ್ಲಿ ಲಾಭವೇ ಇಲ್ಲವೆಂದಲ್ಲ. ಸಂಜೆ ಬೆಳಕಿದ್ದರೆ ಮಕ್ಕಳು ಇನ್ನಷ್ಟು ಹೊತ್ತು ಆಡಬಹುದು, ಪೇಟೆಯ ವ್ಯಾಪಾರ ಕುದುರಬಹುದು, ದುಡಿದವರು ಕತ್ತಲಾಗುವ ಮುನ್ನ ಮನೆ ಸೇರಬಹುದು. ಆದರೆ ಗಡಿಯಾರ ಮುಂದಿಟ್ಟ ವಾರ ನಿದ್ದೆ ಕೆಡುತ್ತದೆ, ಹೃದಯಾಘಾತಗಳು ತುಸು ಹೆಚ್ಚುತ್ತವೆ ಎಂದು ಹೊರದೇಶಗಳ ಅಧ್ಯಯನಗಳು ಹೇಳಿವೆ. ಮೆಕ್ಸಿಕೊ 2022ರಲ್ಲಿ ದೇಶದ ಬಹುಭಾಗದಲ್ಲಿ ಈ ಪದ್ಧತಿಯನ್ನು ಕೈಬಿಟ್ಟಿತು.

ನಮ್ಮ ಲೆಕ್ಕವೇ ಬೇರೆ. ಲಂಡನ್ನಿನ ಜೂನ್ ಹಗಲು ಹದಿನಾರೂವರೆ ತಾಸು, ಡಿಸೆಂಬರ್ ಹಗಲು ಎಂಟು ತಾಸೂ ಇಲ್ಲ. ಹಾವೇರಿಯಲ್ಲಿ ದೀರ್ಘ ಹಗಲು ಸುಮಾರು 13 ತಾಸು, ಕಿರಿದು ಹನ್ನೊಂದೂಕಾಲು. ಉಳಿಸಲು ಇಲ್ಲಿ ಹೆಚ್ಚುವರಿ ಬೆಳಕೇ ಇಲ್ಲ. ಅಲ್ಲದೆ ಭಾರತೀಯ ಕಾಲಮಾನ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ್ದು. ನಾವು ಅದಕ್ಕಿಂತ ಏಳು ಡಿಗ್ರಿ ಪಶ್ಚಿಮಕ್ಕಿದ್ದೇವೆ. ಸೂರ್ಯ ನಮ್ಮ ನೆತ್ತಿಯ ನೇರಕ್ಕೆ ಬರುವುದೇ ಸುಮಾರು 12.28ಕ್ಕೆ. ಅಂದರೆ ಅರ್ಧ ತಾಸು ಮುಂದಿಟ್ಟ ಗಡಿಯಾರದಲ್ಲೇ ನಾವು ಬದುಕುತ್ತಿದ್ದೇವೆ. ಇನ್ನೂ ಅರ್ಧ ತಾಸು ತಳ್ಳಿದರೆ ಜನವರಿಯಲ್ಲಿ ಹೊತ್ತು ಹುಟ್ಟುವಾಗ ಏಳೂವರೆ ಸಮೀಪಿಸಿರುತ್ತದೆ. ಹಳ್ಳಿಯಿಂದ ಮುಂಜಾನೆ ಬಸ್ ಹಿಡಿಯುವ ಮಕ್ಕಳು ಕತ್ತಲಲ್ಲಿ ಹೊರಡಬೇಕು.

ಇಲ್ಲಿನ ದುಡಿಮೆಯಂತೂ ಗಡಿಯಾರದ ಮಾತು ಕೇಳುವುದಿಲ್ಲ. ಬ್ಯಾಡಗಿ ಸೀಮೆಯ ಕಣದಲ್ಲಿ ಮೆಣಸಿನಕಾಯಿ ಒಣಗಿಸುವವರು ಇಬ್ಬನಿ ಆರುವ ತನಕ ತಾಡಪತ್ರಿ ಸರಿಸುವುದಿಲ್ಲ. ರಾಣೆಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ‘ಕ್ರಾಸಿಂಗ್’ ಮಾಡುವ ಹೆಣ್ಣುಮಕ್ಕಳು ನಾಳೆ ಅರಳಲಿರುವ ಹತ್ತಿಯ ಮೊಗ್ಗನ್ನು ಇಂದು ಸಂಜೆಯೇ ಬಿಡಿಸಿ ಕೇಸರ ತೆಗೆಯುತ್ತಾರೆ. ಮರುದಿನ ಮುಂಜಾನೆ ಗಂಡು ಹೂವಿನ ಪರಾಗ ತಾಗಿಸುತ್ತಾರೆ. ‘ಗಡಿಯಾರ ಮುಂದ ಹಾಕಿದ್ರ ಹೂವು ಲಗೂ ಅರಳತಾವೇನ್ರಿ?’ ಎಂದು ಅವರು ಕೇಳಿದರೆ ಉತ್ತರವೆಲ್ಲಿದೆ?

ವಿದ್ಯುತ್ ಉಳಿತಾಯದ ವಾದವೂ ದೀಪವೇ ಮುಖ್ಯ ಖರ್ಚಾಗಿದ್ದ ಕಾಲದ್ದು. ಎಲ್‌ಇಡಿ ಬಂದ ಮೇಲೆ ಅದರ ಬಲ ಕುಗ್ಗಿದೆ. ನಮ್ಮ ರೈತನ ಸಮಸ್ಯೆ ಪಂಪ್‌ಸೆಟ್‌ನ ಏಳು ತಾಸಿನ ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬರುವುದು. ಹಾವು-ಚೇಳಿಗೆ ಅಂಜುತ್ತ, ಟಾರ್ಚ್ ಹಿಡಿದು ನೀರು ಹಾಯಿಸುವವನಿಗೆ ಹಗಲು ಬೇಕು, ಗಡಿಯಾರದ ಹೊಸ ಅಂಕಿಯಲ್ಲ.

ಗಡಿಯಾರ ಮುಟ್ಟದೆ ಹೊತ್ತು ಹೊಂದಿಸುವ ದಾರಿ ನಮಗೆ ಗೊತ್ತು. ಶನಿವಾರದ ಬೆಳಗಿನ ಶಾಲೆ ಯಾರಿಗೂ ಹೊಸದಲ್ಲ. ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆಗಳ ಸರ್ಕಾರಿ ಕಚೇರಿಗಳು ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಹಾವೇರಿಯ ಬೇಸಿಗೆಯೂ ತಂಪಿನದಲ್ಲ. ಇಲ್ಲಿನ ಕಚೇರಿಗಳಿಗೂ ಆ ವೇಳೆ ಬರಲಿ. ಸೌರ ವಿದ್ಯುತ್ ಹಗಲಲ್ಲೇ ಸಿಗುವ ಈ ಕಾಲದಲ್ಲಿ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ಕರೆಂಟು ಕೊಡಲಿ. ಗಡಿಯಾರ ಇದ್ದಂತೆಯೇ ಇರಲಿ.