ಹೃದಯದೊಳಗಿನ ದೈತ್ಯ ಸ್ಪ್ರಿಂಗು

ಬಿಳಿಗಿರಿರಂಗನ ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಹತ್ತಿ ಇಳಿದವರಿಗೆಲ್ಲ ಒಂದು ಸಂಗತಿ ಗೊತ್ತು. ಏದುಸಿರು ಬರುವುದು ಹತ್ತುವಾಗ. ಆದರೆ ಮರುದಿನ ತೊಡೆ ಹಿಡಿದುಕೊಂಡು ಕೂರುವಂತೆ ಮಾಡುವುದು ಇಳಿದ ದಾರಿ. ಇಳಿಯುವಾಗ ಶ್ರಮ ಕಡಿಮೆ, ನೋವು ಮಾತ್ರ ಹೆಚ್ಚು. ಇದೇಕೆ?

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರವನ್ನು ತಡೆಯುತ್ತ, ಬಿಗಿಯಾಗಿದ್ದುಕೊಂಡೇ ಹಿಗ್ಗಬೇಕು. ಈ ಎಳೆತದಲ್ಲಿ ಅದರ ಸೂಕ್ಷ್ಮ ಎಳೆಗಳು ಅಲ್ಲಲ್ಲಿ ಘಾಸಿಗೊಳ್ಳುತ್ತವೆ. ಹಾಗಿದ್ದೂ ಸ್ನಾಯು ಹರಿದುಹೋಗುವುದಿಲ್ಲ. ಕೆಲವೇ ದಿನಗಳಲ್ಲಿ ಮೊದಲಿನಂತಾಗುತ್ತದೆ. ಅದನ್ನು ಒಳಗಿನಿಂದ ಹಿಡಿದಿಡುವ ವಸ್ತು ಯಾವುದು?

ಪಿ.ಯು.ಸಿ. ವಿದ್ಯಾರ್ಥಿಯನ್ನು ಕೇಳಿದರೆ ಆಕ್ಟಿನ್, ಮಯೋಸಿನ್ ಎಂಬ ಎರಡು ಪ್ರೋಟೀನುಗಳ ಹೆಸರು ಹೇಳುತ್ತಾನೆ. ಇವು ಒಂದರ ಮೇಲೊಂದು ಜಾರುವುದರಿಂದ ಸ್ನಾಯು ಕುಗ್ಗುತ್ತದೆ. ಆದರೆ ಹಿಗ್ಗಿದ ಸ್ನಾಯು ಸ್ಪ್ರಿಂಗಿನಂತೆ ಹಿಂದಕ್ಕೆ ಬರುವುದನ್ನು ಈ ಜೋಡಿಯಿಂದಷ್ಟೇ ವಿವರಿಸಲಾಗದು. ಜಪಾನಿನ ಮರುಯಾಮ 1970ರ ದಶಕದಲ್ಲಿ ಇಂಥದೊಂದು ಸ್ಥಿತಿಸ್ಥಾಪಕ ಪ್ರೋಟೀನನ್ನು ಗುರುತಿಸಿ 'ಕನೆಕ್ಟಿನ್' ಎಂದರು. 1979ರಲ್ಲಿ ಅಮೆರಿಕದಲ್ಲಿ ಕ್ವಾನ್ ವಾಂಗ್ ಮತ್ತು ಸಂಗಡಿಗರು ಇಟ್ಟ ಹೆಸರು 'ಟೈಟಿನ್'. ಗ್ರೀಕ್ ಪುರಾಣದ ದೈತ್ಯರಾದ ಟೈಟನ್ನರಿಂದ ಬಂದ ಈ ಹೆಸರೇ ಇಂದು ಬಳಕೆಯಲ್ಲಿದೆ.

ಹೆಸರಿಗೆ ತಕ್ಕ ಗಾತ್ರ

ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರವೇ ಪ್ರೋಟೀನು. ರಕ್ತದ ಹಿಮೋಗ್ಲೋಬಿನ್ನಿನ ಒಂದು ಸರದಲ್ಲಿ 146 ಮಣಿಗಳಿದ್ದರೆ, ಟೈಟಿನ್ನಿನ ಸರದಲ್ಲಿ ಸುಮಾರು 34,000 ಮಣಿಗಳು! ಮನುಷ್ಯನ ದೇಹದಲ್ಲಿ ಇದಕ್ಕಿಂತ ದೊಡ್ಡ ಪ್ರೋಟೀನು ಇಲ್ಲ. ಒಂದೊಂದು ಟೈಟಿನ್ ಅಣುವೂ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಉದ್ದ. ಅಣುಗಳ ಲೋಕದಲ್ಲಿ ಇದು ತೇರಿನ ಹಗ್ಗವೇ ಸರಿ. ವಯಸ್ಕನೊಬ್ಬನ ಮೈಯಲ್ಲಿ ಸುಮಾರು ಅರ್ಧ ಕಿಲೋ ಟೈಟಿನ್ ಇರುತ್ತದೆ. ಇಷ್ಟು ಉದ್ದದ ಸರದ ಜೋಡಣೆಯನ್ನು ಹೈಡೆಲ್‌ಬರ್ಗಿನ ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದರು.

ಸ್ನಾಯುವಿನ ಎಳೆಯೊಳಗೆ ಆಕ್ಟಿನ್ ಮತ್ತು ಮಯೋಸಿನ್ ಸಾಲುಗಳಿರುವ ಪುಟ್ಟ ಅಂಕಣಗಳಿವೆ. ಟೈಟಿನ್ನಿನ ಒಂದು ತುದಿ ಅಂಕಣದ ಗೋಡೆಗೂ ಇನ್ನೊಂದು ತುದಿ ಅಂಕಣದ ನಟ್ಟನಡುವಿಗೂ ಅಂಟಿಕೊಂಡಿರುತ್ತದೆ. ಸ್ನಾಯು ಹಿಗ್ಗಿದಾಗ ಅದರ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ಸೆಳೆತ ನಿಂತಾಗ ಮತ್ತೆ ಸುರುಟಿಕೊಳ್ಳುತ್ತವೆ. ಮಯೋಸಿನ್ ಸಾಲು ಅತ್ತಿತ್ತ ಸರಿಯದಂತೆ ಮಧ್ಯದಲ್ಲಿ ನಿಲ್ಲಿಸುವುದೂ ಇದೇ.

ತೊಡೆಗಿಂತ ಹೃದಯಕ್ಕೆ ಈ ಸ್ಪ್ರಿಂಗು ಹೆಚ್ಚು ಮುಖ್ಯ. ತೊಡೆಗೆ ವಿಶ್ರಾಂತಿಯುಂಟು, ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ತುಂಬಿ ಬರಿದಾಗಬೇಕು. ಸ್ಪ್ರಿಂಗು ತೀರ ಗಡುಸಾದರೆ ರಕ್ತ ತುಂಬಲಾಗದು, ಸಡಿಲವಾದರೆ ಹೃದಯ ಜೋತುಬೀಳುತ್ತದೆ. ನಿಮಿಷಕ್ಕೆ 500ಕ್ಕೂ ಹೆಚ್ಚು ಸಲ ಬಡಿಯುವ ಸುಂಡಿಲಿಯ ಹೃದಯದಲ್ಲಿ ಬಹುಪಾಲು ಗಿಡ್ಡನೆಯ, ಗಡುಸು ಟೈಟಿನ್ ಇದೆ. ನಿಧಾನವಾಗಿ ಬಡಿಯುವ ಹಸುವಿನ ಹೃದಯದಲ್ಲಿ, ನಮ್ಮದರಲ್ಲಿಯೂ, ಉದ್ದನೆಯ ಮೆದು ಟೈಟಿನ್ ಕೂಡ ಬೆರೆತಿದೆ. ಒಂದೇ ಜೀನಿನಿಂದ ಅಗತ್ಯಕ್ಕೆ ತಕ್ಕ ಎರಡು ಬಗೆಯ ಸ್ಪ್ರಿಂಗುಗಳು!

ಸ್ಪ್ರಿಂಗು ತುಂಡಾದಾಗ

ಜೀನಿನ ದೋಷ ಎಂಬ ಮಾತು ಬೆಟ್ಟದ ಸೋಲಿಗರ ಪೋಡುಗಳಿಗೆ ಹೊಸದಲ್ಲ. ಡಾ. ಸುದರ್ಶನ್ 1981ರಲ್ಲಿ ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಆ ಕೇಂದ್ರ ಕೈಗೆತ್ತಿಕೊಂಡ ಕಾಯಿಲೆಗಳಲ್ಲಿ ಸಿಕಲ್ ಸೆಲ್ ಅನೀಮಿಯವೂ ಒಂದು. ಅಲ್ಲಿ ಹಿಮೋಗ್ಲೋಬಿನ್ನಿನ 146 ಮಣಿಗಳಲ್ಲಿ ಒಂದೇ ಒಂದು ಬದಲಾಗಿರುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಮಗುವಿಗೆ ಆ ರೋಗ.

ಟೈಟಿನ್ನಿನ ಲೆಕ್ಕವೇ ಬೇರೆ. ಇಲ್ಲಿ ಸರ ನಡುವೆಯೇ ತುಂಡಾಗುವಂಥ ದೋಷಗಳು ಹಾನಿಕರ; ಒಬ್ಬರಿಂದ ಬಂದರೂ ಸಾಕು. ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಹೃದಯದ ಗೋಡೆ ತೆಳುವಾಗಿ, ಹಿಗ್ಗಿ, ರಕ್ತ ನೂಕುವ ಶಕ್ತಿ ಕುಂದುವ 'ಡೈಲೇಟೆಡ್ ಕಾರ್ಡಿಯೋಮಯೋಪತಿ' ಎಂಬ ರೋಗವಿದೆ. ಮನೆತನದಲ್ಲಿ ಹರಿದುಬರುವ ಈ ರೋಗದ ಪ್ರಕರಣಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ತುಂಡು ಟೈಟಿನ್ ಕಾರಣವೆಂದು 2012ರಲ್ಲಿ ಹಾರ್ವರ್ಡ್ ತಂಡ ತೋರಿಸಿತು.

ಸೋಜಿಗವೆಂದರೆ, ಇಂಥ ದೋಷ ಹೊತ್ತವರಲ್ಲಿ ಅನೇಕರು ಏನೂ ಆಗದೆ ಬಾಳುತ್ತಾರೆ. ತೊಂದರೆ ಬರುವುದು ಹೃದಯದ ಮೇಲೆ ಎರಡನೆಯ ಹೊರೆ ಬಿದ್ದಾಗ. ಬಸಿರು ಬಾಣಂತನ ಅಂಥದೊಂದು ಹೊರೆ. ಹೆರಿಗೆಯ ಆಸುಪಾಸಿನಲ್ಲಿ ಹೃದಯ ಸೋತ ತಾಯಂದಿರಲ್ಲಿ ಹತ್ತರಲ್ಲಿ ಒಬ್ಬರಿಗೆ ಟೈಟಿನ್ ತುಂಡಾಗಿತ್ತೆಂದು 2016ರ ಅಧ್ಯಯನ ಹೇಳಿತು. ಕುಡಿತದಿಂದ ಹೃದಯ ಕೆಟ್ಟವರಲ್ಲಿಯೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಎಂದು 2018ರಲ್ಲಿ ತಿಳಿಯಿತು. ಕೆಲವು ಕ್ಯಾನ್ಸರ್ ಔಷಧಗಳೂ ಇಂಥ ಹೊರೆಯಾಗಬಲ್ಲವು.

ಇದರಿಂದ ನಾವು ಕಲಿಯಬೇಕಾದದ್ದು ಇಷ್ಟು. ಬಾಣಂತಿಗೆ ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ರಾತ್ರಿ ಎದ್ದು ಕೂರುವಂತಾದರೆ, ಕಾಲು ಬಾವು ಇಳಿಯುವ ಬದಲು ಏರುತ್ತಿದ್ದರೆ 'ಹೆರಿಗೆಯ ನಿಶ್ಶಕ್ತಿ, ಸರಿಹೋಗುತ್ತದೆ' ಎಂದು ಹಿರಿಯರು ಸಮಾಧಾನ ಹೇಳಿ ಕೂರಬಾರದು. ಅದೇ ದಿನ ವೈದ್ಯರಿಗೆ ತೋರಿಸಬೇಕು. ಹೃದಯದ ಎಕೋ ಪರೀಕ್ಷೆಗೆ ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ; ಯಳಂದೂರಿನ ಕಡೆಯವರಿಗೆ ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ. ಬೇಗ ಔಷಧ ಸಿಕ್ಕರೆ ಎಷ್ಟೋ ತಾಯಂದಿರ ಹೃದಯ ಮೊದಲಿನಂತಾಗುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಒಬ್ಬರಿಗೆ ಹೃದಯ ಹಿಗ್ಗಿದೆಯೆಂದು ವೈದ್ಯರು ಹೇಳಿದರೆ, ಒಡಹುಟ್ಟಿದವರೂ ಮಕ್ಕಳೂ ಒಮ್ಮೆ ಎಕೋ ಮಾಡಿಸಿಕೊಳ್ಳುವುದು ಒಳ್ಳೆಯದು. ಹುಟ್ಟಿನೊಂದಿಗೆ ಬಂದ ಟೈಟಿನ್ನನ್ನು ಬದಲಿಸುವ ಔಷಧ ಇನ್ನೂ ಬಂದಿಲ್ಲ. ಆದರೆ ಸೋಲುತ್ತಿರುವ ಹೃದಯಕ್ಕೆ ಆಸರೆಯಾಗುವ ಔಷಧಗಳು ಇವೆ, ಸಾರಾಯಿಯಂಥ ಹೊರೆಯನ್ನು ಇಳಿಸುವುದು ನಮ್ಮ ಕೈಯಲ್ಲೇ ಇದೆ.